ಕೊಯ್ಲಿಗೆ ಮುಂಚೆ ಮೈಗೂ ಒಂದಿಷ್ಟು ತಾಲೀಮು

ಅಡಿಕೆ ಕೊನೆ ತೆಗೆಯುವ, ಕಾಫಿ ಹಣ್ಣು ಕೊಯ್ಯುವ ಕಾಲ ಹತ್ತಿರವಾದಂತೆ ಬೆಳೆಗಾರರು ದೋಟಿ, ಏಣಿ, ಚೀಲ, ಅಂಗಳ ಎಲ್ಲವನ್ನೂ ಸಜ್ಜುಗೊಳಿಸುತ್ತಾರೆ. ತಮ್ಮ ಮೈಯನ್ನು ಸಜ್ಜುಗೊಳಿಸುವವರು ಮಾತ್ರ ವಿರಳ. ತಿಂಗಳುಗಟ್ಟಲೆ ಭಾರ ಹೊರದ ಬೆನ್ನಿನ ಮೇಲೆ ಮೊದಲ ದಿನವೇ 50 ಕಿಲೋ ಚೀಲ ಹೇರಿದರೆ ಸೊಂಟ ಹಿಡಿದುಕೊಳ್ಳುವುದು ಸಹಜ. ಆಳುಗಳ ಅಭಾವದ ಈ ದಿನಗಳಲ್ಲಿ ಸಣ್ಣ ಹಿಡುವಳಿದಾರನು ವಾರವಿಡೀ ಮಲಗಿದರೆ ಹಣ್ಣು ಗಿಡದಲ್ಲೇ ಒಣಗುತ್ತದೆ.

ಈ ವಿಷಯದಲ್ಲಿ ಬಯಲು ಸೀಮೆಯ ಗರಡಿಯಿಂದ ನಾವು ಕಲಿಯುವುದಿದೆ. ಜೈನಾಪುರ, ಬಬಲೇಶ್ವರ, ತಿಕೋಟಗಳಿರುವ ವಿಜಯಪುರ ಸೀಮೆಯಲ್ಲಿ ಕಲ್ಲು ಎತ್ತುವುದು ರೈತರ ಹಳೆಯ ಆಟ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆಗೆ ಜನ ಕಿಕ್ಕಿರಿಯುತ್ತಾರೆ. ಸಂಗ್ರಾಣಿ ಕಲ್ಲು, ಗುಂಡು ಕಲ್ಲು, ತುಂಬಿದ ಚೀಲ ಇವೇ ಅಲ್ಲಿಯ ಸಲಕರಣೆ. ಬಲ್ಲ ಪೈಲವಾನನು ಹಗುರ ಕಲ್ಲು ಸಲೀಸಾದ ಮೇಲೆಯೇ ಅದಕ್ಕಿಂತ ಭಾರದ ಕಲ್ಲಿಗೆ ಕೈ ಹಾಕುತ್ತಾನೆ.

ಇದೇ ತತ್ವವನ್ನು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ಗಾಯಗೊಂಡ ಸೈನಿಕರಿಗೆ ವ್ಯಾಯಾಮ ಮಾಡಿಸಿದ ಅನುಭವದಿಂದ 1945ರಲ್ಲಿ ಪ್ರಕಟಿಸಿದರು. 1948ರಲ್ಲಿ ವಾಟ್ಕಿನ್ಸ್ ಅವರೊಡನೆ ಅದಕ್ಕೊಂದು ಕ್ರಮ ಹಾಕಿಕೊಟ್ಟರು. ಹತ್ತು ಸಲ ಮಾತ್ರ ಎತ್ತಬಲ್ಲ ಭಾರ 20 ಕಿಲೋ ಎಂದಿಟ್ಟುಕೊಳ್ಳಿ. ಮೊದಲು 10 ಕಿಲೋ, ಆಮೇಲೆ 15, ಕೊನೆಗೆ 20 ಕಿಲೋ. ಪ್ರತಿಯೊಂದನ್ನೂ ಹತ್ತು ಸಲ ಎತ್ತಬೇಕು. ನಡುವೆ ದಣಿವಾರಿಸಿಕೊಳ್ಳಬೇಕು.

ಆತುರ ಏಕೆ ಕೂಡದು? ಮಾಂಸಖಂಡ ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತದೆ. ಅದನ್ನು ಎಲುಬಿಗೆ ಬಿಗಿದ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ತೋಳು ‘ಆಗುತ್ತದೆ’ ಎಂದರೂ ಕೀಲು ಇನ್ನೂ ಸಿದ್ಧವಾಗಿರುವುದಿಲ್ಲ. ವಾರಕ್ಕೆ ಕನಿಷ್ಠ ಎರಡು ದಿನ ಬಲವರ್ಧಕ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ನಡುವಿನ ದಿನಗಳ ವಿಶ್ರಾಂತಿಯೂ ತಾಲೀಮಿನ ಭಾಗವೇ.

ಬೆಳೆಗಾರರು ಹೀಗೆ ಮಾಡಬಹುದು:

1. ಕೊಯ್ಲಿಗೆ ಆರೆಂಟು ವಾರ ಮುಂಚೆ, ದಿನ ಬಿಟ್ಟು ದಿನ, ಗೋಣಿಯಲ್ಲಿ ಹಗುರವಾಗಿ ಮಣ್ಣು ತುಂಬಿ ಎತ್ತಿ ಇಳಿಸಿರಿ. ಸಲೀಸಾದ ಮೇಲೆ ಒಂದೆರಡು ಕಿಲೋ ಹೆಚ್ಚಿಸಿರಿ.

2. ಮೊಣಕಾಲು ಮಡಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಏಳಿರಿ. ಭಾರ ಹಿಡಿದು ಸೊಂಟ ತಿರುಚಬೇಡಿ.

3. ದೋಟಿ ಹಿಡಿಯುವವರು ಆಗಾಗ ಕತ್ತು ಇಳಿಸಿ, ಭುಜ ಸಡಿಲಿಸಿರಿ.

4. ಮೈಕೈ ಮಂದವಾಗಿ ನೊಂದರೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಕೀಲಿನಲ್ಲಿ ಚುಚ್ಚಿದಂತಾದರೆ, ನೋವು ಕಾಲಿಗಿಳಿದು ಜೋಮು ಹಿಡಿದರೆ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಹೃದ್ರೋಗ, ರಕ್ತದೊತ್ತಡ ಉಳ್ಳವರು ಮೊದಲೇ ವೈದ್ಯರನ್ನು ಕೇಳುವುದು ಲೇಸು.

5. ಕೊಯ್ಲಿನ ಮೊದಲ ವಾರ ಚೀಲವನ್ನು ಅರ್ಧವೇ ತುಂಬಿರಿ. ನಡೆದಾಟ ಎರಡು ಪಟ್ಟಾದರೂ ಕೊಯ್ಲು ಮುಗಿಯುವವರೆಗೆ ಬೆನ್ನು ಜೊತೆಗಿರುತ್ತದೆ.