ಸಲಹೆ ಒಂದೇ, ಲೆಕ್ಕಾಚಾರ ಹಲವು: ಕಾಡಂಚಿನ ಮನೆಗಳಲ್ಲಿ ಕುಟುಂಬ ಯೋಜನೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿಗಳು, ಗೌಳಿಗಳು, ಕುಣಬಿಗಳು, ಟಿಬೆಟನ್ ನಿರಾಶ್ರಿತರು ನೆರೆಹೊರೆಯವರಾಗಿ ಬದುಕುತ್ತಿದ್ದಾರೆ. ಸರ್ಕಾರದ ಕುಟುಂಬ ಯೋಜನೆ ಎಲ್ಲರಿಗೂ ಒಂದೇ. ಅದೇ ಮಾತ್ರೆ, ಅದೇ ವಂಕಿ, ಅದೇ ಶಸ್ತ್ರಚಿಕಿತ್ಸೆ. ಆದರೆ ಆಶಾ ಕಾರ್ಯಕರ್ತೆ ಹೇಳಿದ ಸಲಹೆ ಮನೆಯ ಹೊಸ್ತಿಲು ದಾಟಿದ ಮೇಲೆ ಅಲ್ಲಿನ ಧರ್ಮ, ದುಡಿಮೆ, ಹಿರಿಯರ ಮಾತು ಮತ್ತು ಕುಲ ಉಳಿಯಬೇಕೆಂಬ ಹಂಬಲದೊಡನೆ ಹೊಂದಿಕೊಳ್ಳಬೇಕಾಗುತ್ತದೆ. ಎಷ್ಟು ಮಕ್ಕಳು ಬೇಕು, ಯಾವಾಗ ಸಾಕು, ಅದಕ್ಕಾಗಿ ಯಾರ ದೇಹ ಶಸ್ತ್ರಕ್ಕೆ ಒಡ್ಡಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಆಸ್ಪತ್ರೆಯಲ್ಲಲ್ಲ, ಮನೆಯೊಳಗೆ.

ಹಳೆಯ ಚರಿತ್ರೆ

ಸಂತಾನ ನಿಯಂತ್ರಣದ ಚರ್ಚೆ ಕರ್ನಾಟಕಕ್ಕೆ ಹೊಸದಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತ್ತು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ರಾಜಧಾನಿಯಲ್ಲಿ ರಘುನಾಥ ಧೋಂಡೋ ಕರ್ವೆ 1921ರಲ್ಲಿ ಸಂತಾನ ನಿಯಂತ್ರಣ ಕೇಂದ್ರ ಆರಂಭಿಸಿ ಸಮಾಜದ ಕಟು ವಿರೋಧ ಎದುರಿಸಿದ್ದರು. ಸ್ವಾತಂತ್ರ್ಯಾನಂತರ, 1952ರಲ್ಲಿ ಭಾರತ ರಾಷ್ಟ್ರಮಟ್ಟದ ಕುಟುಂಬ ಯೋಜನಾ ಕಾರ್ಯಕ್ರಮವನ್ನು ಜಾರಿಗೆ ತಂದಿತು.

ಇಂದು ರಾಜ್ಯದ ಚಿತ್ರ ಬದಲಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992–93ರಲ್ಲಿ ಕರ್ನಾಟಕದ ಮಹಿಳೆಗೆ ಸರಾಸರಿ 2.9 ಮಕ್ಕಳಿದ್ದರೆ, 2019–21ರ ಸಮೀಕ್ಷೆಯ ವೇಳೆಗೆ ಅದು 1.7ಕ್ಕೆ ಇಳಿದಿದೆ. ಇದು ದೇಶದ ಸರಾಸರಿಗಿಂತಲೂ ಕಡಿಮೆ. ಆದ್ದರಿಂದ ಈಗಿನ ಪ್ರಶ್ನೆ ಜನಸಂಖ್ಯೆಯ ಏರಿಕೆಯಲ್ಲ. ಯಾವ ವಿಧಾನ, ಯಾರ ಆಯ್ಕೆಯಿಂದ ಎಂಬುದು.

ಸಿದ್ದಿಗಳ ಮನೆಯಲ್ಲಿ

ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ವಂಶಜರೂ ಸೇರಿರುವ ಸಿದ್ದಿ ಸಮುದಾಯವನ್ನು ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಧರ್ಮ ಬೇರೆಯಾದರೂ ಹಿರಿಯರ ಪೂಜೆ ಮತ್ತು ಡಮಾಮಿ ವಾದ್ಯ ಸಮುದಾಯವನ್ನು ಒಂದುಗೂಡಿಸಿವೆ.

ಒಂದೇ ಮೂಲದ ಈ ಜನರ ಮುಂದೆ ಮೂರು ಬಗೆಯ ಧಾರ್ಮಿಕ ನಿಲುವುಗಳಿವೆ. 1968ರಲ್ಲಿ ಪೋಪ್ ಆರನೆಯ ಪೌಲ್ ಹೊರಡಿಸಿದ ವಿಶ್ವಪತ್ರವು ಕ್ಯಾಥೊಲಿಕರಿಗೆ ಕೃತಕ ಗರ್ಭನಿರೋಧವನ್ನು ನಿಷೇಧಿಸಿ, ಋತುಚಕ್ರ ಆಧರಿಸಿದ ಸಂಯಮಕ್ಕೆ ಮಾತ್ರ ಅವಕಾಶ ನೀಡಿತು. ಇಸ್ಲಾಮಿನ ಧರ್ಮಶಾಸ್ತ್ರಜ್ಞರಲ್ಲಿ ಬಹುತೇಕರು ಪತ್ನಿಯ ಒಪ್ಪಿಗೆಯಿದ್ದಲ್ಲಿ ತಾತ್ಕಾಲಿಕ ವಿಧಾನಗಳನ್ನು ಒಪ್ಪುತ್ತಾರೆ. ಶಾಶ್ವತ ಶಸ್ತ್ರಚಿಕಿತ್ಸೆಗೆ ಅನೇಕರ ಆಕ್ಷೇಪವಿದೆ. ಹಿಂದೂ ಧರ್ಮದಲ್ಲಿ ಇಂತಹ ಕಟ್ಟುನಿಟ್ಟಿನ ನಿಷೇಧ ಇಲ್ಲದಿದ್ದರೂ, ಪಿತೃಕಾರ್ಯಕ್ಕೆ ಗಂಡು ಮಗ ಬೇಕೆಂಬ ನಂಬಿಕೆ ಪ್ರಬಲವಾಗಿದೆ.

ಧರ್ಮದ ಆಚೆಗೂ ಒಂದು ಅಳುಕಿದೆ. ಇಡೀ ರಾಜ್ಯದಲ್ಲಿ ಸಿದ್ದಿಗಳ ಸಂಖ್ಯೆ ಬಹಳ ಕಡಿಮೆ. ಇಂತಹ ಪುಟ್ಟ ಸಮುದಾಯಕ್ಕೆ ‘ಮಕ್ಕಳು ಸಾಕು’ ಎಂಬ ಘೋಷಣೆ ಬೇರೆಯೇ ಅರ್ಥದಲ್ಲಿ ಕೇಳಿಸಬಹುದು. ಮಳೆಗಾಲದಲ್ಲಿ ಸರ್ಕಾರವೇ ಪೌಷ್ಟಿಕ ಆಹಾರ ಒದಗಿಸಬೇಕಾದ ಸ್ಥಿತಿಯಲ್ಲಿರುವ ಕುಟುಂಬಗಳು, ಹುಟ್ಟಿದ ಮಗು ಬದುಕಿ ಬೆಳೆಯುತ್ತದೆ ಎಂಬ ಭರವಸೆ ಮೂಡಿದ ಮೇಲೆಯೇ ಶಾಶ್ವತ ವಿಧಾನದತ್ತ ಮನಸ್ಸು ಮಾಡುವುದು ಸಹಜ. ಅದನ್ನು ಅಜ್ಞಾನವೆನ್ನಲಾಗದು.

ದುಡಿಮೆ ಮತ್ತು ದೂರ

ಎಮ್ಮೆ ಸಾಕಣೆಯನ್ನೇ ನೆಚ್ಚಿದ ಗೌಳಿಗರಿಗೂ ಜೋಯಿಡಾದ ಕುಣಬಿ ರೈತರಿಗೂ ಲೆಕ್ಕ ಬೇರೆ. ದನ ಮೇಯಿಸಲು, ಗದ್ದೆಯ ಕೆಲಸಕ್ಕೆ, ಗೆಡ್ಡೆಗೆಣಸು ಬೆಳೆಯಲು ಮನೆಮಂದಿಯ ಕೈಗಳೇ ಆಧಾರ. ಹಿಂದೆ ಹೆಚ್ಚು ಮಕ್ಕಳೆಂದರೆ ಹೆಚ್ಚು ದುಡಿಮೆ. ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದಂತೆ ಈ ಸಮೀಕರಣ ತಿರುವುಮುರುವಾಗುತ್ತದೆ. ಆಗ ಪ್ರತಿ ಮಗುವೂ ಖರ್ಚಿನ ಬಾಬತ್ತು.

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಚದುರಿಹೋಗಿರುವ ಹಳ್ಳಿಗಳಿಂದ ತಾಲ್ಲೂಕು ಆಸ್ಪತ್ರೆ ತಲುಪುವುದೇ ಮಳೆಗಾಲದಲ್ಲಿ ಸಾಹಸ. ಪ್ರತಿ ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದಿಗೆ ಬರಬೇಕಾದ ಮಹಿಳೆಗೆ ಒಂದು ಸರದಿ ತಪ್ಪಿದರೂ ರಕ್ಷಣೆ ತಪ್ಪುತ್ತದೆ. ‘ಒಮ್ಮೆ ಹೋಗಿ ಮುಗಿಸಿಬಿಡೋಣ’ ಎಂಬ ತೀರ್ಮಾನದ ಹಿಂದೆ ರಸ್ತೆಯ ಪಾತ್ರವೂ ಇದೆ. ಆದರೆ ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಭಾರ ಎತ್ತುವಂತಿಲ್ಲ. ನೀರು, ಸೌದೆ, ಮೇವಿನ ಹೊರೆ ಹೊರುವವಳೇ ಮಲಗಿದರೆ ಮನೆ ನಡೆಸುವವರು ಯಾರು? ಅತ್ತೆಯ ಇಲ್ಲವೇ ತವರಿನ ನೆರವಿಲ್ಲದೆ ಸೊಸೆ ಹೊರಡುವಂತಿಲ್ಲ.

ಮುಂಡಗೋಡದ ವೈಪರೀತ್ಯ

ಮುಂಡಗೋಡದಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ ಶಿಬಿರದಲ್ಲಿ ಚಿಂತೆ ತಿರುಗುಮುರುಗು. ಶಿಕ್ಷಣ, ತಡವಾದ ವಿವಾಹ, ವಿದೇಶಗಳಿಗೆ ವಲಸೆಯ ಕಾರಣ ದೇಶಭ್ರಷ್ಟ ಟಿಬೆಟನ್ನರಲ್ಲಿ ಜನನ ಪ್ರಮಾಣ ತೀವ್ರವಾಗಿ ಕುಸಿದಿದೆ. ಮನೆಯ ಒಬ್ಬ ಮಗನನ್ನು ಮಠಕ್ಕೆ ಒಪ್ಪಿಸುವುದು ಅವರ ಹಿಂದಿನ ಸಂಪ್ರದಾಯ. ಒಂದೋ ಎರಡೋ ಮಕ್ಕಳಿರುವ ಮನೆಯಲ್ಲಿ ಅದು ಕಷ್ಟ. ಇಲ್ಲಿನ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳಲ್ಲಿ ಇಂದು ಲಡಾಖ್, ಅರುಣಾಚಲ, ನೇಪಾಳದ ಹಿಮಾಲಯ ಪ್ರದೇಶಗಳ ಬಾಲಕರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಸಂಸ್ಕೃತಿ ಮಕ್ಕಳ ಸಂಖ್ಯೆಯನ್ನು ರೂಪಿಸುವಂತೆಯೇ ಮಕ್ಕಳ ಸಂಖ್ಯೆಯೂ ಸಂಸ್ಕೃತಿಯನ್ನು ರೂಪಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

ಹೊರೆ ಮಾತ್ರ ಹೆಣ್ಣಿಗೆ

ಸಮುದಾಯಗಳು ಬೇರೆಯಾದರೂ ರಾಜ್ಯದ ಅಂಕಿ ಅಂಶ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ. 2019–21ರ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರೆ, ಪುರುಷರ ಪಾಲು ಶೂನ್ಯಕ್ಕೆ ಸಮೀಪ. ಹೊಲಿಗೆಯಿಲ್ಲದ ಪುರುಷ ಶಸ್ತ್ರಚಿಕಿತ್ಸೆ ಮಹಿಳೆಯರದಕ್ಕಿಂತ ಸರಳ ಹಾಗೂ ಸುರಕ್ಷಿತ. ಆದರೂ ‘ಗಂಡಸಿನ ಶಕ್ತಿ ಕುಂದುತ್ತದೆ, ದುಡಿಯಲಾಗದು’ ಎಂಬ ತಪ್ಪು ಕಲ್ಪನೆ ಅಳಿದಿಲ್ಲ. ತುರ್ತು ಪರಿಸ್ಥಿತಿಯ 1975–77ರ ಅವಧಿಯಲ್ಲಿ ನಡೆದ ಬಲವಂತದ ಶಸ್ತ್ರಚಿಕಿತ್ಸೆಗಳ ನೆನಪೂ ಈ ಹಿಂಜರಿಕೆಗೆ ಒಂದು ಕಾರಣ.

ಮಹಿಳೆ ತೆತ್ತ ಬೆಲೆ ಕೆಲವೊಮ್ಮೆ ಜೀವವೇ ಆಗಿದೆ. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರದಲ್ಲಿ ಸಾಮೂಹಿಕ ಶಿಬಿರಗಳ ನಂತರ ಹತ್ತಕ್ಕೂ ಹೆಚ್ಚು ಮಹಿಳೆಯರು ಮೃತಪಟ್ಟರು. ಇಂತಹ ಶಿಬಿರಗಳನ್ನು ಮೂರು ವರ್ಷಗಳಲ್ಲಿ ನಿಲ್ಲಿಸುವಂತೆ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕೆಂಬುದನ್ನೂ ಒತ್ತಿಹೇಳಿತು. ಕನ್ನಡ, ಕೊಂಕಣಿ, ಮರಾಠಿ, ಉರ್ದು ಬೆರೆತ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಈ ಮಾತು ಅತಿ ಮುಖ್ಯ.

ಅಂತರವೆಂಬ ಮರೆತ ದಾರಿ

ರಾಜ್ಯದಲ್ಲಿ 20ರಿಂದ 24ರ ವಯೋಮಾನದ ಮಹಿಳೆಯರಲ್ಲಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ರಕ್ತಹೀನತೆಯಿದೆ. ಇವರಿಗೆ ಮೊದಲು ಬೇಕಿರುವುದು ಹೆರಿಗೆಗಳ ನಡುವಿನ ಅಂತರವೇ ಹೊರತು ಶಾಶ್ವತ ವಿಧಾನವಲ್ಲ. ಹತ್ತು ವರ್ಷ ಬಾಳುವ ವಂಕಿ, ಮೂರು ತಿಂಗಳ ‘ಅಂತರಾ’ ಚುಚ್ಚುಮದ್ದು, ಹಾರ್ಮೋನ್ ಇಲ್ಲದ ‘ಛಾಯಾ’ ಮಾತ್ರೆ ಸರ್ಕಾರಿ ಕಾರ್ಯಕ್ರಮದಲ್ಲಿವೆ. ಕೊನೆಯ ಎರಡೂ 2017ರಲ್ಲಿ ಸೇರ್ಪಡೆಯಾದವು.

ಇವು ತಾತ್ಕಾಲಿಕ ವಿಧಾನಗಳಾದ್ದರಿಂದ ಶಾಶ್ವತ ಶಸ್ತ್ರಚಿಕಿತ್ಸೆಯನ್ನು ಒಪ್ಪದ ಮನೆಗಳಲ್ಲೂ ಮಾತಿಗೆ ಎಡೆಮಾಡಿಕೊಡಬಲ್ಲವು. ಆ ಮಾತುಕತೆಯಲ್ಲಿ ಅತ್ತೆಯೂ ಗಂಡನೂ ಕುಳಿತುಕೊಳ್ಳಬೇಕು. ಸಮುದಾಯದವರೇ ಆದ ಕಾರ್ಯಕರ್ತೆಯರು ಅವರ ನುಡಿಯಲ್ಲೇ ವಿವರಿಸಬೇಕು. ಹಾಗಿದ್ದರೂ ಕೊನೆಯ ಮಾತು ಹೆರುವವಳದೇ ಆಗಿರಬೇಕು. ಸಂಸ್ಕೃತಿಯನ್ನು ಅಡ್ಡಿಯೆಂದು ಬಗೆದು ಬದಿಗೆ ಸರಿಸಿದರೆ ಮನೆಯ ಬಾಗಿಲು ತೆರೆಯುವುದಿಲ್ಲ. ಸಂಸ್ಕೃತಿಯೆಂಬ ನೆಪದಲ್ಲಿ ಸುಮ್ಮನಿದ್ದರೆ ಒಳಗಿರುವ ಹೆಣ್ಣಿನ ದನಿ ಹೊರಗೆ ಕೇಳಿಸುವುದಿಲ್ಲ.