ಮಳಖೇಡದ ಕಥೆ, ಲೆಸ್ಟರ್‌ನ ರಂಗ: ಕಾರ್ನಾಡರ ನಾಟಕಗಳಲ್ಲಿ ಕಲಬುರಗಿ ಸೀಮೆ

2002ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಹೇಮಾರ್ಕೆಟ್ ರಂಗಮಂದಿರದಲ್ಲಿ 'ಬಲಿ' ಎಂಬ ನಾಟಕ ರಂಗಕ್ಕೇರಿತು. ಬರೆದವರು ಗಿರೀಶ ಕಾರ್ನಾಡ. ಮಾವುತನ ಪಾತ್ರದಲ್ಲಿ ನಾಸಿರುದ್ದೀನ್ ಷಾ. ಪ್ರಾಣಿಬಲಿಯನ್ನು ಒಪ್ಪದ ಜೈನ ರಾಣಿ, ಅವಳಿಗಾಗಿ ಮತ ಬದಲಿಸಿದ ರಾಜ, ಬಲಿಯನ್ನು ಬಿಡಲೊಲ್ಲದ ರಾಜಮಾತೆ, ಕತ್ತಲಲ್ಲಿ ಹಾಡುವ ಕುರೂಪಿ ಮಾವುತ: ನಾಲ್ಕೇ ಪಾತ್ರ. ಜೀವಂತ ಹುಂಜದ ಬದಲು ಹಿಟ್ಟಿನ ಹುಂಜ ಕೊಯ್ದರಾಯಿತಲ್ಲ ಎಂಬ ರಾಜಿಗೆ ಅರಮನೆ ಒಪ್ಪುತ್ತದೆ. ಕತ್ತಿ ಎತ್ತಿದ ಮನಸ್ಸಿನಲ್ಲೇ ಹಿಂಸೆ ಇರುವಾಗ, ಕೊಯ್ದದ್ದು ಹಿಟ್ಟೋ ಹುಂಜವೋ ಎಂಬುದು ಯಾವ ಲೆಕ್ಕ? ನಾಟಕ ಈ ಪ್ರಶ್ನೆಯನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಕನ್ನಡದಲ್ಲಿ ಕಾರ್ನಾಡರು ಇದನ್ನು 1980ರಲ್ಲೇ 'ಹಿಟ್ಟಿನ ಹುಂಜ' ಎಂದು ಬರೆದಿದ್ದರು. ಕನ್ನಡಿಗರಿಗೆ ಅದಕ್ಕೂ ಮುಂಚೆ, 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ'ಯಿಂದ ಈ ಕಥೆ ಗೊತ್ತು.

ಜನ್ನನಿಗಿಂತ ಎರಡೂವರೆ ಶತಮಾನ ಹಿಂದೆ ಇದೇ ಕಥೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಾವ್ಯವಾಗಿತ್ತು ಎಂಬುದನ್ನು ಮಾತ್ರ ನಾವು ಹೇಳಿಕೊಳ್ಳುವುದೇ ಇಲ್ಲ. ಮಳಖೇಡ ಆಗ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿದ್ದ ಪುಷ್ಪದಂತ ಕವಿ ಅಪಭ್ರಂಶ ಭಾಷೆಯಲ್ಲಿ ಬರೆಯುತ್ತಿದ್ದ. ಅವನ 'ಮಹಾಪುರಾಣ' ಮುಗಿದದ್ದು 965ರಲ್ಲಿ. ಆಮೇಲೆ ಭರತನ ಮಗನ ಆಶ್ರಯದಲ್ಲಿ ಅವನು 'ಜಸಹರಚರಿಉ', ಅಂದರೆ ಯಶೋಧರನ ಚರಿತೆಯನ್ನೇ ಬರೆದ. 972ರಲ್ಲಿ ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದಾಗ, ತಾನಿನ್ನು ಎಲ್ಲಿಗೆ ಹೋಗಲಿ ಎಂದು ಈ ಕವಿ ದುಃಖಿಸಿದ. ಕಾಗಿಣಾ ನದಿಯ ದಂಡೆಯಲ್ಲಿ ಇವತ್ತು ಬಿದ್ದು ನಿಂತಿರುವ ಕೋಟೆಯ ಊರಿನಲ್ಲಿ, ಹಿಟ್ಟಿನ ಹುಂಜ ಸಾವಿರ ವರ್ಷಗಳ ಹಿಂದೆಯೇ ಕೂಗಿತ್ತು. ಕಾರ್ನಾಡರು ಪುಷ್ಪದಂತನನ್ನು ಓದಿ ಬರೆದರು ಎಂದು ನಾನು ಹೇಳುತ್ತಿಲ್ಲ. ಜನ್ನನ ಕಾವ್ಯ ಅವರಿಗೆ ಕನ್ನಡದ ಆಸ್ತಿಯಾಗಿ ಸಹಜವಾಗಿಯೇ ಬಂದಿತ್ತು. ಆದರೆ ಲೆಸ್ಟರ್‌ನ ಪ್ರೇಕ್ಷಕರು ಕಂಡ ಕಥೆಯ ಹಾದಿಯಲ್ಲಿ ಮಳಖೇಡವೂ ಇದೆ ಎಂಬುದು ಸೇಡಂ, ಚಿತ್ತಾಪುರದ ಹುಡುಗ ಹುಡುಗಿಯರಿಗೆ ಗೊತ್ತಿರಬೇಕು. ನಾಟಕ ಅಂದರೆ ಬೆಂಗಳೂರಿನದು, ಧಾರವಾಡದ್ದು, ಮೈಸೂರಿನದು ಎಂದುಕೊಂಡೇ ನಮ್ಮ ಕಡೆಯ ಮಕ್ಕಳು ಬೆಳೆಯುತ್ತಾರೆ. ಕಾರ್ನಾಡರ ದೊಡ್ಡ ನಾಟಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವು ಮತ್ತೆ ಮತ್ತೆ ನಮ್ಮ ನೆಲದ ಸುತ್ತಲೇ ಸುತ್ತುತ್ತವೆ.

ಅವರು ಹುಟ್ಟಿದ್ದು 1938ರ ಮೇ 19ರಂದು, ಮಹಾರಾಷ್ಟ್ರದ ಮಾಥೇರಾನದಲ್ಲಿ. ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ಇಂಗ್ಲಿಷ್ ಕವಿಯಾಗಬೇಕು, ಇಂಗ್ಲೆಂಡಿನಲ್ಲಿ ಹೆಸರು ಮಾಡಬೇಕು ಎಂಬುದು ಹರೆಯದ ಕನಸು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನಲ್ಲಿ, ಮನೆಯವರ ನಿರೀಕ್ಷೆ ಮತ್ತು ತನ್ನ ಆಸೆಗಳ ನಡುವಿನ ತೊಳಲಾಟದಲ್ಲಿ ಅವರ ಕೈಯಿಂದ ಬಂದದ್ದು ಇಂಗ್ಲಿಷ್ ಕವಿತೆಯಲ್ಲ, ಕನ್ನಡ ನಾಟಕ. ತಂದೆಗಾಗಿ ಯೌವನ ತ್ಯಾಗ ಮಾಡುವ ಮಗನ ಕಥೆ, 'ಯಯಾತಿ'. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 1961ರಲ್ಲಿ ಪ್ರಕಟಿಸಿತು. ಆಕ್ಸ್‌ಫರ್ಡಿನ ಪ್ರಸಿದ್ಧ ಚರ್ಚಾಸಂಘದ ಅಧ್ಯಕ್ಷರಾಗಿಯೂ ಆಯ್ಕೆಯಾದ ಈ ತರುಣ ಬಯಸಿದ್ದರೆ ಬ್ರಿಟಿಷ್ ನಾಟಕಕಾರನೇ ಆಗಿಬಿಡಬಹುದಿತ್ತು. 1963ರಲ್ಲಿ ತಿರುಗಿ ಬಂದು ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಕೆಲಸಕ್ಕೆ ಸೇರಿದರು. ಅವರಿಗೆ ಸ್ಟ್ರಿಂಡ್‌ಬರ್ಗ್‌ನ ನಾಟಕ ತೋರಿಸಿ ಬೆರಗು ಹುಟ್ಟಿಸಿದ ಮುಂಬೈ ಒಂದು ತುದಿ, ಅನ್ನದ ಕೆಲಸ ಕೊಟ್ಟ ಮದ್ರಾಸು ಇನ್ನೊಂದು ತುದಿ. ಆ ಎರಡು ತುದಿಗಳನ್ನು ಕೂಡಿಸುವ ರೈಲು ಹಳಿ ಹಾದುಹೋಗುವುದು ನಮ್ಮ ಶಹಾಬಾದ್, ವಾಡಿಗಳ ಮೇಲೆಯೇ.

'ತುಘಲಕ್' ಬಂದದ್ದು 1964ರಲ್ಲಿ. ಕನ್ನಡದಲ್ಲಿ ಚರಿತ್ರೆಯನ್ನು ಗಂಭೀರವಾಗಿ ಎದುರಿಸಿದ ನಾಟಕಗಳಿಲ್ಲ ಎಂಬ ಕೀರ್ತಿನಾಥ ಕುರ್ತಕೋಟಿಯವರ ಮಾತು ಅದರ ಹಿಂದಿನ ಪ್ರಚೋದನೆ. ಇತಿಹಾಸದ ಪುಸ್ತಕಗಳನ್ನು ತಿರುವುತ್ತ ಹೋದ ಕಾರ್ನಾಡರು ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್‌ನಲ್ಲಿ ನಿಂತರು. ರಾಜಧಾನಿಯನ್ನು ದೇವಗಿರಿಗೆ, ಅಂದರೆ ದೌಲತಾಬಾದಿಗೆ ಒಯ್ದವನು. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದವನು. ಬುದ್ಧಿವಂತ, ಕನಸುಗಾರ, ಕೊಲೆಗಾರ. ನೆಹರೂ ಯುಗದ ಕೊನೆಯಲ್ಲಿ ಬಂದ ನಾಟಕವನ್ನು ದೇಶ ತನ್ನ ಭ್ರಮನಿರಸನದ ಕಥೆಯಾಗಿ ಓದಿತು. ಕನ್ನಡದಲ್ಲಿ ಸಿ.ಆರ್. ಸಿಂಹ ಆ ಪಾತ್ರದಲ್ಲಿ ಮನೆಮಾತಾದರು. ದಿಲ್ಲಿಯ ಪುರಾನಾ ಕಿಲಾದ ಬಯಲಿನಲ್ಲಿ ಇಬ್ರಾಹಿಂ ಅಲ್ಕಾಜಿ ಅದನ್ನು ಮನೋಹರ್ ಸಿಂಗ್ ಅವರಿಂದ ಆಡಿಸಿದರು. ಇಷ್ಟು ಎಲ್ಲರೂ ಬರೆಯುತ್ತಾರೆ.

ಕಲಬುರಗಿಯವರಿಗೆ ಆ ನಾಟಕ ಬೇರೆಯೇ ಕಾರಣಕ್ಕೆ ಬೇಕು. ನಾಟಕದ ಮುಹಮ್ಮದ್ ತನ್ನ ಮೇಲೆ ಎದ್ದ ದಂಗೆಗಳನ್ನು ಎಣಿಸುವಾಗ ಬಹಾಉದ್ದೀನ್ ಗಶ್ತಾಸ್ಪನ ಹೆಸರು ಬರುತ್ತದೆ. ಚರಿತ್ರೆಯಲ್ಲಿ ಅವನು ಸುಲ್ತಾನನ ಹತ್ತಿರದ ಬಂಧು, ಅವನ ಜಹಗೀರು ಇದ್ದದ್ದು ಸಗರದಲ್ಲಿ, ನಮ್ಮ ಪಕ್ಕದ ಶಹಾಪುರ ತಾಲ್ಲೂಕಿನಲ್ಲಿ. ಸೋತು ಕಂಪಿಲಿಗೆ ಓಡಿದ, ಕಂಪಿಲಿರಾಯ ಅವನಿಗಾಗಿ ರಾಜ್ಯವನ್ನೂ ಜೀವವನ್ನೂ ಕೊಟ್ಟ. ರಂಗದ ಮೇಲೆ ಅರ್ಧ ವಾಕ್ಯದಲ್ಲಿ ತೇಲಿಹೋಗುವ ಆ ಹೆಸರು ನಮ್ಮ ಪ್ರೇಕ್ಷಕರಿಗೆ ಒಂದು ಊರು, ಒಂದು ಯುದ್ಧ.

ನಾಟಕ ನಿಂತ ಮೇಲಿನ ಕಥೆಯೂ ಇಲ್ಲಿಯದೇ. ದೌಲತಾಬಾದಿಗೆ ಎಳೆತಂದ ಅಮೀರರೇ ಕೊನೆಗೆ ಸುಲ್ತಾನನ ಮೇಲೆ ತಿರುಗಿಬಿದ್ದರು. 1347ರ ಆಗಸ್ಟಿನಲ್ಲಿ ಹಸನ್ ಎಂಬ ಸರದಾರ ಅಲಾಉದ್ದೀನ್ ಬಹಮನ್ ಷಾ ಎಂಬ ಹೆಸರಿನಲ್ಲಿ ಪಟ್ಟವೇರಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ತುಘಲಕ್‌ನ ಸೋಲಿನಿಂದಲೇ ನಮ್ಮ ಕೋಟೆ, ಅದರೊಳಗಿನ ಜಾಮಿಯಾ ಮಸೀದಿ, ಹಫ್ತ ಗುಂಬಜುಗಳು ಎದ್ದವು. ದಿಲ್ಲಿಯವರು 'ತುಘಲಕ್' ಅನ್ನು ಕನಸೊಂದರ ಸಾವು ಎಂದು ನೋಡಬಹುದು. ಕಲಬುರಗಿಯಲ್ಲಿ ಕುಳಿತು ನೋಡುವವರಿಗೆ ಅದು ತಮ್ಮೂರಿನ ಹುಟ್ಟಿನ ಪೂರ್ವರಂಗ.

ಇನ್ನೊಂದು ಮಾತು ನನ್ನನ್ನು ಬಿಡದೆ ಕಾಡುತ್ತದೆ. ದಿಲ್ಲಿಯಿಂದ ದೌಲತಾಬಾದಿಗೆ ನಡೆದ ಆ ಮೆರವಣಿಗೆಯಲ್ಲಿ ಹಸಿವು, ಸಾವು, ಲಂಚ, ಮೋಸಗಳನ್ನು ಕಾರ್ನಾಡರು ತೋರಿಸುತ್ತಾರೆ. ದುಡ್ಡಿಲ್ಲದ ತಾಯಿಯ ಮಗು ಸಾಯಲಿ ಎಂದು ಬಿಡುವ ಅಜೀಜ್ ಅಲ್ಲಿದ್ದಾನೆ. ಅದೇ ವಲಸೆಯಲ್ಲಿ, 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ಒಬ್ಬ ಬಾಲಕ ತಂದೆತಾಯಿಯೊಂದಿಗೆ ದಖ್ಖನಿಗೆ ಬಂದ. ತಂದೆ ಇಲ್ಲೇ ತೀರಿಕೊಂಡರು, ಖುಲ್ದಾಬಾದಿನಲ್ಲಿ ಅವರ ಸಮಾಧಿ ಇದೆ. ಬಾಲಕ ದಿಲ್ಲಿಗೆ ಮರಳಿ ಸೂಫಿ ಗುರುವಾಗಿ ಬೆಳೆದ. 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ಮುಪ್ಪಿನಲ್ಲಿ ಮತ್ತೆ ದಕ್ಷಿಣದ ಹಾದಿ ಹಿಡಿದು, ಫಿರೋಜ್ ಷಾ ಬಹಮನಿಯ ಕಾಲದಲ್ಲಿ ಕಲಬುರಗಿಗೆ ಬಂದು ನೆಲೆಸಿದ. ಅವರೇ ಖ್ವಾಜಾ ಬಂದೇ ನವಾಜ್ ಗೇಸುದರಾಜ್. 1422ರಲ್ಲಿ ತೀರಿಕೊಂಡರು. ಉರುಸಿಗೆ ಚಿಂಚೋಳಿಯಿಂದ, ಸೇಡಂನಿಂದ, ಶಹಾಬಾದಿನಿಂದ ಎಲ್ಲ ಜಾತಿಮತದ ಜನ ಹೋಗಿ ಸಕ್ಕರೆ ಓದಿಸಿ ಬರುತ್ತಾರಲ್ಲ, ಆ ದರ್ಗಾದಲ್ಲಿ ಮಲಗಿರುವವರು ತುಘಲಕ್‌ನ ಆ ಕ್ರೂರ ಪ್ರಯಾಣವನ್ನು ಮಗುವಾಗಿ ಕಂಡವರು. ಈ ಸಂಗತಿ ಗೊತ್ತಿದ್ದು ಆ ದೃಶ್ಯ ನೋಡಿದರೆ ಎದೆ ಬೇರೆ ರೀತಿ ಬಡಿದುಕೊಳ್ಳುತ್ತದೆ.

ಸಿನೆಮಾ ಕಾರ್ನಾಡರಿಗೆ ನಾಟಕದಷ್ಟೇ ಗಂಭೀರವಾದ ಬರವಣಿಗೆ. 1970ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'ಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾಗಿ ನಟಿಸಿದರು. ಮೊದಲು ಸೆನ್ಸಾರಿನವರು ತಡೆದ ಆ ಚಿತ್ರ ಮುಂದೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಬಿ.ವಿ. ಕಾರಂತರ ಜೊತೆ 'ವಂಶವೃಕ್ಷ', ಆಮೇಲೆ 'ಕಾಡು', 'ಒಂದಾನೊಂದು ಕಾಲದಲ್ಲಿ'. ಶ್ಯಾಮ್ ಬೆನಗಲ್ ಅವರ 'ಭೂಮಿಕಾ'ದ ಚಿತ್ರಕಥೆಗೆ ಬೆನಗಲ್, ಸತ್ಯದೇವ್ ದುಬೆ ಅವರ ಜೊತೆ ರಾಷ್ಟ್ರಪ್ರಶಸ್ತಿ ಹಂಚಿಕೊಂಡರು. 'ಕಾಡು' ನನಗೆ ಇವುಗಳಲ್ಲಿ ಮೇಲು. ಹಳ್ಳಿಯ ದ್ವೇಷವನ್ನು ಮಗುವಿನ ಕಣ್ಣಿನಿಂದ ನೋಡುವ ಆ ಚಿತ್ರದಲ್ಲಿ ಮಾತು ಕಡಿಮೆ, ಮೌನಕ್ಕೆ ಕೆಲಸ ಹೆಚ್ಚು. ಮಾತಿನ ಕಟ್ಟಡ ಕಟ್ಟುವ ನಾಟಕಕಾರ ಅದನ್ನು ಮಾಡಿದ್ದು ದೊಡ್ಡ ಸಂಗತಿ.

ನಮ್ಮ ಕಡೆಯವರು ಮಾತ್ರ 1975ರ 'ನಿಶಾಂತ್' ನೋಡಲೇಬೇಕು. ಚಿತ್ರಕಥೆ ವಿಜಯ್ ತೆಂಡೂಲ್ಕರ್ ಅವರದು. ಕಾರ್ನಾಡರು ಅಲ್ಲಿ ಹೆಂಡತಿಯನ್ನು ಜಮೀನ್ದಾರರ ಮನೆಯವರು ಹೊತ್ತೊಯ್ದಾಗ ಕಚೇರಿಯಿಂದ ಕಚೇರಿಗೆ ಅಲೆಯುವ ಶಾಲಾಮಾಸ್ತರ. 1945ರ ತೆಲಂಗಾಣದ ಕಥೆ. ಅಂದರೆ ನಿಜಾಮನ ರಾಜ್ಯ, ಅಂದರೆ ನಮ್ಮ ಅಜ್ಜ ಅಜ್ಜಿಯರ ರಾಜ್ಯ. 1948ರ ಸೆಪ್ಟೆಂಬರ್ ತನಕ ಸೇಡಂ, ಚಿಂಚೋಳಿಗಳ ರೈತ ಬದುಕಿದ್ದೂ ಅದೇ ಆಡಳಿತದ ಕೆಳಗೆ. ಸೇಡಂನಿಂದ ತಾಂಡೂರಿನ ಕಡೆಗೆ ರೈಲು ಹತ್ತಿದರೆ ಸಿಗುವ ನೆಲ ಅದು. ಚಿತ್ರದ ದಖ್ಖನಿ ಮಾತನ್ನು ವಾಡಿಯ ಚಹಾದಂಗಡಿಯಲ್ಲಿ ಇವತ್ತಿಗೂ ಕೇಳಬಹುದು.

'ತಲೆದಂಡ' ಬರೆದದ್ದು 1989ರಲ್ಲಿ, ಪ್ರಕಟವಾದದ್ದು 1990ರಲ್ಲಿ. ಮಂದಿರ, ಮಂಡಲಗಳ ಗದ್ದಲ ಏಳುತ್ತಿದ್ದ ಹೊತ್ತಿನಲ್ಲಿ ಹನ್ನೆರಡನೆಯ ಶತಮಾನದ ಶರಣರ ಪ್ರಶ್ನೆಗಳು ಎಷ್ಟು ಹಸಿಯಾಗಿವೆ ಎಂದು ಅವರಿಗೆ ಅನ್ನಿಸಿತ್ತು. 1994ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ, ಅದರಿಂದ ಹೊತ್ತಿಕೊಂಡ ಕಲ್ಯಾಣ. ಕಾರ್ನಾಡರ ಬಸವಣ್ಣ ಪಟದ ಬಸವಣ್ಣನಲ್ಲ. ಆ ಮದುವೆಯ ಬೆಲೆ ಏನೆಂದು ಮೊದಲೇ ಕಂಡು ಹೆದರುವ, ಆದರೂ ತಡೆಯಲಾರದ ಮನುಷ್ಯ. ಬಿಜ್ಜಳನೂ ಬರೀ ದುಷ್ಟನಲ್ಲ. ನಾಟಕದ ಶಕ್ತಿ ಇರುವುದೇ ಇವರಿಬ್ಬರ ಗೆಳೆತನದಲ್ಲಿ.

ಈ ಕಲ್ಯಾಣಕ್ಕೆ ರಾಜಧಾನಿಯ ಪಟ್ಟ ಬಂದದ್ದು ಎಲ್ಲಿಂದ? ರಾಷ್ಟ್ರಕೂಟರು ಬಿದ್ದ ಮೇಲೆ ಚಾಲುಕ್ಯರು ಮೊದಲು ಆಳಿದ್ದು ಮಳಖೇಡದಿಂದ. ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರ ರಾಜಧಾನಿಯನ್ನು ಕಲ್ಯಾಣಕ್ಕೆ ಒಯ್ದ. ಸೇಡಂ ತಾಲ್ಲೂಕಿನಲ್ಲಿ ಮಾಸಿದ ಅಧಿಕಾರವೇ ಚಿಂಚೋಳಿಯಾಚೆ ಬೀದರ್ ಜಿಲ್ಲೆಯ ನೆಲದಲ್ಲಿ ಮತ್ತೆ ಬೆಳಗಿತು. ಅದೇ ಊರಿನಲ್ಲಿ ಶರಣರು ಆ ಅಧಿಕಾರವನ್ನೇ ಪ್ರಶ್ನಿಸಿದರು.

ನಡುವೆ ಇನ್ನೂ ಹಲವು: ಷಿಕಾಗೊದಲ್ಲಿದ್ದಾಗ ಬರೆದ 'ನಾಗಮಂಡಲ', ಸ್ವಾತಂತ್ರ್ಯದ ಐವತ್ತನೆಯ ವರ್ಷಕ್ಕೆ ಬಿಬಿಸಿ ರೇಡಿಯೊ ಕೇಳಿ ಬರೆಸಿದ ಟಿಪ್ಪುವಿನ ಕನಸುಗಳ ನಾಟಕ, 1998ರ ಜ್ಞಾನಪೀಠ, 2000ದಿಂದ ಮೂರು ವರ್ಷ ಲಂಡನ್ನಿನ ನೆಹರೂ ಕೇಂದ್ರದ ನಿರ್ದೇಶಕ ಹುದ್ದೆ.

ಕೊನೆಯ ನಾಟಕ 'ರಾಕ್ಷಸ ತಂಗಡಿ' 2018ರಲ್ಲಿ ಬಂತು. ವಿಜಯನಗರ ದಖ್ಖನದ ಸುಲ್ತಾನರಿಗೆ ಸೋತ 1565ರ ಯುದ್ಧದ ಕಥೆ. ಅಳಿಯ ರಾಮರಾಯನ ಅರವೀಡು ಮನೆತನ ತಾವು ಕಲ್ಯಾಣದ ಚಾಲುಕ್ಯರ ಕುಡಿ ಎಂದು ಹೇಳಿಕೊಳ್ಳುತ್ತಿತ್ತು. ಅವನು ಕಲ್ಯಾಣದ ಕೋಟೆಗಾಗಿ ಮತ್ತೆ ಮತ್ತೆ ಸುಲ್ತಾನರ ಜಗಳಗಳಲ್ಲಿ ಕೈಹಾಕಿದ. ಎಂದೋ ಕಳೆದುಹೋದ ರಾಜಧಾನಿಯ ಆ ಹಂಬಲವನ್ನು ಕಾರ್ನಾಡರು ವಿಜಯನಗರದ ದುರಂತದ ಬೇರುಗಳಲ್ಲೊಂದಾಗಿ ಕಂಡರು. ಹಿಂದೂ ಮುಸ್ಲಿಂ ಯುದ್ಧ ಎಂಬ ಸುಲಭದ ಓದನ್ನು ಅವರು ಒಪ್ಪಲಿಲ್ಲ. ಹೆಮ್ಮೆ, ಜಾತಿಯ ಅವಮಾನ, ನಂಬಿಕೆದ್ರೋಹ ಇವೇ ಅಲ್ಲಿ ಪಾತ್ರಗಳನ್ನು ನಡೆಸುತ್ತವೆ. 2019ರ ಜೂನ್ 10ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಒಂದು ಕೊರತೆಯನ್ನೂ ಹೇಳಬೇಕು. ಕಾರ್ನಾಡರ ಚರಿತ್ರೆ ನಮ್ಮದು, ಮಾತು ನಮ್ಮದಲ್ಲ. ಅವರ ಸುಲ್ತಾನರು, ಶರಣರು ಆಡುವುದು ತಿದ್ದಿದ ಕನ್ನಡ. ನಮ್ಮ ನೆಲದ ಆಡುನುಡಿ ಬೇಕೆಂದರೆ ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯಲ್ಲಿ ಹುಟ್ಟಿದ ಚೆನ್ನಣ್ಣ ವಾಲೀಕಾರರ ಕಡೆಗೇ ಹೋಗಬೇಕು. ದಲಿತರ ಸಂಕಟವನ್ನು, ಬಯಲಾಟದ ಏರುದನಿಯನ್ನು, ಕಲಬುರಗಿ ಕನ್ನಡವನ್ನು ಒಂದೇ ಉಸಿರಿನಲ್ಲಿ ಬರೆದವರು ಅವರು. 2019ರ ನವೆಂಬರಿನಲ್ಲಿ, ಕಾರ್ನಾಡರು ಹೋದ ಐದೇ ತಿಂಗಳಿಗೆ, ಅವರೂ ಹೋದರು.

ಕಾರ್ನಾಡರ ನಾಟಕ, ನಮ್ಮ ಆಡುನುಡಿ, ಈ ಎರಡು ಕೂಡಬೇಕು ಎಂಬುದೇ ನನ್ನ ಆಸೆ. 'ತುಘಲಕ್'ನ ಅಜೀಜ್ ಒಬ್ಬ ಅಗಸ, ಆಜಮ್ ಒಬ್ಬ ಕಳ್ಳ. ಆಡಳಿತದ ಪ್ರತಿಯೊಂದು ಆದರ್ಶವನ್ನೂ ತಮ್ಮ ಹೊಟ್ಟೆಪಾಡಿಗೆ ಬಗ್ಗಿಸಿಕೊಳ್ಳುವ ಈ ಇಬ್ಬರು ಉರ್ದು ಬೆರೆತ ನಮ್ಮ ಕನ್ನಡದಲ್ಲಿ ಮಾತಾಡಿದರೆ ಇಡೀ ನಾಟಕಕ್ಕೆ ಹೊಸ ರಕ್ತ ಬರುತ್ತದೆ. ಕಲಬುರಗಿಗೆ ಈಗ ಸ್ವಂತ ರಂಗಾಯಣವಿದೆ, ಪಂಡಿತ ರಂಗಮಂದಿರವಿದೆ. ಸೇಡಂ, ಶಹಾಬಾದಿನ ಕಾಲೇಜುಗಳಲ್ಲಿ ಕುಣಿಯುವ, ಹಾಡುವ, ಮಾತು ಬಲ್ಲ ಹುಡುಗರಿದ್ದಾರೆ. 'ಹಿಟ್ಟಿನ ಹುಂಜ'ವನ್ನು ಮಳಖೇಡದ ಕೋಟೆಯೊಳಗೇ ಆಡಲಿ, 'ತಲೆದಂಡ' ಚಿಂಚೋಳಿಗೆ ಬರಲಿ, 'ತುಘಲಕ್' ವಾಡಿಯ ಸಿಮೆಂಟ್ ಕಾರ್ಮಿಕರ ಎದುರು ನಡೆಯಲಿ. ನಾಟಕ ಶುರುವಾಗುವ ಮೊದಲು ಯಾರಾದರೊಬ್ಬರು ಎದ್ದು ನಿಂತು ಪುಷ್ಪದಂತ ಯಾರು, ಸಗರದ ಜಹಗೀರುದಾರ ಯಾರು, ದೌಲತಾಬಾದಿನ ಹಾದಿಯಲ್ಲಿ ನಡೆದು ಬಂದ ಆ ಬಾಲಕ ಯಾರು ಎಂದು ಹತ್ತು ನಿಮಿಷ ಹೇಳಲಿ.