ಬಾಕ್ಸ್ ಬಿಚ್ಚುವ ಮೊದಲು ಬೂಟು ಎತ್ತಿ ನೋಡಿ

ಶ್ರೀನಿವಾಸಪುರ ಕಡೆಯ ಗೌನಿಪಲ್ಲಿಯ ಮೆಕ್ಯಾನಿಕ್ ನನ್ನ ಹಳೇ ಜಿಪ್ಸಿಯ ಗೇರ್ ಲಿವರನ್ನು ಎರಡೇ ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿದ. ಗಾಡಿ ನ್ಯೂಟ್ರಲ್‌ನಲ್ಲಿದೆಯೋ ಮೂರನೇ ಗೇರಿನಲ್ಲಿದೆಯೋ ಅವನಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಿರಲಿಲ್ಲ. “ಏನ್ ಸಾರ್ ಇದು, ಎಸರಾಗೆ ಮುದ್ದೆ ಕೋಲು ಆಡ್ದಂಗೆ ಆಡ್ತೈತೆ” ಅಂದ. ಹಿಟ್ಟು ಬಿದ್ದು ಬೆಂದ ಮೇಲಾದರೆ ಕೋಲು ಬಿಗಿಯಾಗಿ ನಿಲ್ಲುತ್ತದೆ. ನನ್ನದು ಇನ್ನೂ ಹಿಟ್ಟೇ ಬೀಳದ ಎಸರು. ಎತ್ತ ತಳ್ಳಿದರೂ ತಡೆಯಿಲ್ಲ.

ಬೆಂಗಳೂರಿನಲ್ಲಿ ಇದೇ ಲಿವರನ್ನು ಮುಟ್ಟಿ ನೋಡಿದ್ದ ಇನ್ನೊಬ್ಬರು, “ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು” ಎಂದು ದೊಡ್ಡ ಮೊತ್ತ ಹೇಳಿ ಕಳಿಸಿದ್ದರು. ಗೌನಿಪಲ್ಲಿಯವನು ಸ್ಪ್ಯಾನರ್ ಕೈಗೆತ್ತಿಕೊಳ್ಳಲೇ ಇಲ್ಲ. ಲಿವರ್ ಬುಡದ ರಬ್ಬರ್ ಬೂಟನ್ನು ಮೇಲಕ್ಕೆ ಸರಿಸಿದ, ಅದರಡಿಯ ಮುಚ್ಚಳವನ್ನು ಕೆಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದ. ಲಿವರ್ ಪೂರ್ತಿಯಾಗಿ ಅವನ ಕೈಗೆ ಬಂತು. ಅದರ ತುದಿಯಲ್ಲಿ ಇರಬೇಕಿದ್ದ ನೈಲಾನ್ ಬುಷ್‌ನ ಜಾಗದಲ್ಲಿ ಉಗುರಿನ ಚೂರಿನಂಥ ಎರಡು ಹಳದಿ ತುಣುಕು ಅಂಟಿಕೊಂಡಿದ್ದವು. ಮಿಕ್ಕದ್ದು ಎಲ್ಲಿ ಹೋಯಿತೋ.

ಜಿಪ್ಸಿಯನ್ನು ಸ್ಪೋರ್ಟ್ಸ್ ಕಾರು ಎಂದರೆ ನಗುವವರಿದ್ದಾರೆ. ಆದರೆ ಅವರು ಹೇಳುವ ಕಡಿಮೆ ಎತ್ತರದ, ಎರಡೇ ಸೀಟಿನ ಗಾಡಿ ಶ್ರೀನಿವಾಸಪುರದ ಮಾವಿನ ತೋಟಗಳ ದಾರಿಯಲ್ಲಿ ನೂರು ಮೀಟರ್ ಹೋಗಲಾರದು. 1985ರ ಕೊನೆಗೆ ಮಾರುತಿ ತಂದ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್, ನಾಲ್ಕು ಗೇರು. 1996ರಲ್ಲಿ ಬಂದ ‘ಕಿಂಗ್’ಗೆ 1298 ಸಿಸಿ, ಐದು ಗೇರು. ನಮ್ಮ ದೇಶದ ರ‍್ಯಾಲಿಗಳ ಮಣ್ಣು ಕುಡಿದು ಬೆಳೆದ ಗಾಡಿ ಅದು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿ ನೋಡಲು ಹೋದವರಿಗೆ ಜಿಪ್ಸಿಯ ಧೂಳು ತಿಂದ ನೆನಪಿರುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ಸೀಮೆಯ ಸ್ಪೋರ್ಟ್ಸ್ ಕಾರು ಇದೇ. ಹಳೇ ಗಾಡಿಯ ಸಡಿಲ ಗೇರಿನ ಬಗ್ಗೆ ಜನ ನಂಬಿಕೊಂಡಿರುವ ತಪ್ಪುಗಳೂ ಪೋರ್ಷ್ ಇಟ್ಟುಕೊಂಡವರಿಗೂ ಜಿಪ್ಸಿ ಇಟ್ಟುಕೊಂಡವರಿಗೂ ಒಂದೇ.

“ಲಿವರ್ ಸಡಿಲವಾದರೆ ಗೇರ್‌ಬಾಕ್ಸ್ ಹೋಯಿತೆಂದೇ ಅರ್ಥ”

ಎಲ್ಲಕ್ಕಿಂತ ದುಬಾರಿ ನಂಬಿಕೆ ಇದು. ಕೈಗೆ ಸಿಗುವ ತೊಂದರೆಗಳು ಮೂರು ಬಗೆ: ಆಟ, ಕರಕರ, ಜಾರುವಿಕೆ. ಜನ ಮೂರನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಆಟ ಎಂದರೆ ಗೇರು ಬಿದ್ದ ಮೇಲೂ ಲಿವರ್ ಅಲ್ಲಾಡುವುದು, ಎರಡರ ಬದಲು ನಾಲ್ಕಕ್ಕೆ ಕೈ ಹೋಗುವುದು. ಕರಕರ ಎಂದರೆ ಗೇರು ಬೀಳುವಾಗ ಹಲ್ಲು ಕಡಿದ ಸದ್ದು. ಜಾರುವುದೆಂದರೆ ಬಿದ್ದ ಗೇರು ತಾನಾಗಿ ನ್ಯೂಟ್ರಲ್‌ಗೆ ಬರುವುದು. ಇವುಗಳಲ್ಲಿ ಆಟ ಬಾಕ್ಸಿನ ಒಳಗಿಂದ ಬರುವುದು ಅಪರೂಪ. ಬಾಕ್ಸಿನೊಳಗಿನ ಹಲ್ಲುಗಳು ಉಕ್ಕು, ಆಯಿಲ್‌ನಲ್ಲಿ ಮುಳುಗಿ ಕೂತಿರುತ್ತವೆ. ಹೊರಗೆ, ಲಿವರಿಗೂ ಬಾಕ್ಸಿಗೂ ನಡುವೆ, ಇರುವುದು ಪ್ಲಾಸ್ಟಿಕ್ಕು, ರಬ್ಬರು, ಒಂದೆರಡು ಸ್ಪ್ರಿಂಗು. ಯಾವುದು ಮೊದಲು ಸವೆಯುತ್ತದೆಂದು ಹೇಳಲು ಎಂಜಿನಿಯರ್ ಆಗಬೇಕಿಲ್ಲ.

ಸವೆದದ್ದು ಸ್ವಲ್ಪವೇ ಆದರೂ ಕೈಗೆ ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಸನ್ನೆಗೋಲಿನ ಲೆಕ್ಕವೇ ಕಾರಣ. ಲಿವರಿನ ಕೆಳಭಾಗದಲ್ಲಿ ಒಂದು ಗುಂಡು ಇದೆ, ಅದರ ಮೇಲೆ ಲಿವರ್ ತೂಗುತ್ತದೆ. ಗುಂಡಿನಿಂದ ಮೇಲಿನ ಹಿಡಿಗೆ 30 ಸೆಂಟಿಮೀಟರ್, ಕೆಳತುದಿಗೆ 4 ಸೆಂಟಿಮೀಟರ್ ಎಂದುಕೊಳ್ಳಿ. ಕೆಳಗೆ ಬುಷ್ 1 ಮಿಲಿಮೀಟರ್ ಸವೆದರೆ ಮೇಲೆ ನಿಮ್ಮ ಅಂಗೈಯಲ್ಲಿ ಅದು ಏಳೂವರೆ ಮಿಲಿಮೀಟರ್. ಎರಡು ಮಿಲಿಮೀಟರ್ ಸವೆದರೆ ಒಂದೂವರೆ ಸೆಂಟಿಮೀಟರ್. ಅಷ್ಟಾದ ಮೇಲೆ ಲಿವರ್ ಎಸರಿನ ಕೋಲಾಗದೆ ಇನ್ನೇನಾಗುತ್ತದೆ?

ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಕ್ಲಚ್ ತುಳಿದು ಒಂದರಿಂದ ಕೊನೆಯ ಗೇರಿನವರೆಗೆ ಹಾಕಿ ತೆಗೆಯಿರಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಅದೇ ಕೆಲಸ ಮಾಡಿ. ಎರಡು ಸಲವೂ ಒಂದೇ ರೀತಿ ಸಡಿಲವಿದ್ದರೆ ತಪ್ಪು ಲಿವರಿನ ಬುಡದಲ್ಲಿ. ಆಫ್ ಇದ್ದಾಗ ಸಲೀಸು, ಸ್ಟಾರ್ಟ್ ಆದಾಗ ಬಿಗಿ ಅಥವಾ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಜಿಪ್ಸಿಯದು ಕೇಬಲ್ ಕ್ಲಚ್. ಕೇಬಲ್ ಹಿಗ್ಗಿದರೆ ಪೆಡಲ್ ತುಳಿದರೂ ಕ್ಲಚ್ ಪ್ಲೇಟ್ ಅಷ್ಟಿಷ್ಟು ಅಂಟಿಕೊಂಡೇ ಇರುತ್ತದೆ. ತುದಿಯ ನಟ್ಟು ತಿರುಗಿಸಿ ಸರಿಮಾಡಿದರೆ ಎಷ್ಟೋ ‘ಹೋದ’ ಬಾಕ್ಸುಗಳು ಬದುಕಿ ಬಂದಿವೆ.

ಇನ್ನೊಂದನ್ನೂ ಗಮನಿಸಿ. ಆಕ್ಸಿಲರೇಟರ್ ತುಳಿದಾಗ ಲಿವರ್ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ವಾಲುತ್ತದೆಯೇ? ಹಾಗಿದ್ದರೆ ಎಂಜಿನ್ನು ಮತ್ತು ಬಾಕ್ಸನ್ನು ಹೊತ್ತ ರಬ್ಬರ್ ಮೌಂಟುಗಳು ಸತ್ತಿವೆ. ಜಿಪ್ಸಿಯಲ್ಲಿ ಲಿವರ್ ನೇರವಾಗಿ ಬಾಕ್ಸಿನ ಮೇಲೆಯೇ ಕೂತಿದೆ, ಆದ್ದರಿಂದ ಬಾಕ್ಸ್ ಕುಣಿದರೆ ಲಿವರೂ ಕುಣಿಯಲೇಬೇಕು. ಬುಷ್ ಬದಲಿಸಿ ಮೌಂಟ್ ಬಿಟ್ಟವರು ಅರ್ಧ ಕೆಲಸ ಮಾಡಿ ಬೈದುಕೊಳ್ಳುತ್ತಾರೆ.

ಲಿವರಿನಿಂದ ಬಾಕ್ಸ್ ದೂರ ಹೋದಷ್ಟೂ ಸವೆಯುವ ಕೀಲುಗಳು ಹೆಚ್ಚು. ಕಾಲಂ ಗೇರಿನ ಅಂಬಾಸಿಡರ್, ಪದ್ಮಿನಿ ಓಡಿಸಿದ ಟ್ಯಾಕ್ಸಿಯವರಿಗೆ ಇದು ಗೊತ್ತು: ಸ್ಟೇರಿಂಗ್ ಪಕ್ಕದ ಕಡ್ಡಿಯಿಂದ ಕೆಳಗೆ ಬಾಕ್ಸಿನವರೆಗೆ ಎಷ್ಟು ಕೀಲೋ ಅಷ್ಟು ಕಡೆ ಆಟ. ಮಾರುತಿ 800ರಲ್ಲೂ ಲಿವರಿನಿಂದ ಮುಂದಿನ ಬಾಕ್ಸಿಗೆ ಅಡಿಯಲ್ಲೊಂದು ರಾಡು ಹೋಗುತ್ತದೆ, ಅದಕ್ಕೂ ಬುಷ್‌ಗಳಿವೆ. ಜರ್ಮನಿಯ ಪೋರ್ಷ್ 914ರಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದೆ, ಬಾಕ್ಸ್ ಅದಕ್ಕೂ ಹಿಂದೆ. ಮೊದಲ ವರ್ಷಗಳ ಗಾಡಿಗಳಲ್ಲಿ ಶಿಫ್ಟ್ ರಾಡು ಎಂಜಿನ್ನನ್ನು ದಾಟಿ ಬಾಕ್ಸಿನ ಬಾಲದವರೆಗೆ ಹೋಗಿ ಸೇರುತ್ತಿತ್ತು. ಗೇರು ಹುಡುಕಬೇಕಾದ ಕಾರೆಂದು ಅದು ಹೆಸರು ಕೆಡಿಸಿಕೊಂಡಿತು. 1973ರ ಮಾದರಿಯಿಂದ ರಾಡನ್ನು ಬಾಕ್ಸಿನ ಪಕ್ಕಕ್ಕೆ ತಂದರು. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5ರ ಗೇರನ್ನು ಲೋಕವೆಲ್ಲ ಹೊಗಳಿದ್ದಕ್ಕೆ ಒಂದು ಕಾರಣ, ಅದರ ಲಿವರ್ ಜಿಪ್ಸಿಯಂತೆಯೇ ಬಾಕ್ಸಿನ ತಲೆಯ ಮೇಲೆ ಕೂತಿರುವುದು. ಅದೂ ಹಳತಾದ ಮೇಲೆ ಸಡಿಲಗೊಳ್ಳುತ್ತದೆ. ಕಾರಣ ಅಲ್ಲೂ ನೈಲಾನ್ ಬುಷ್, ಹರಿದ ರಬ್ಬರ್ ಬೂಟು.

“ಹಳೇ ಗಾಡಿ, ಕರಕರ ಅನ್ನದೆ ಇನ್ನೇನು ಮಾಡ್ತದೆ”

ಈ ಮಾತು ಹೇಳಿದ್ದು ಗ್ಯಾರೇಜಿನ ಮುಂದಿನ ಕಲ್ಲಿನ ಮೇಲೆ ಕೂತಿದ್ದ ಹಿರಿಯರೊಬ್ಬರು. ಅವರು ಓಡಿಸಿದ್ದು ಜೀಪು. ಆಂಧ್ರದ ಗಡಿ ಪಕ್ಕದ ಊರಾದ್ದರಿಂದ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಅದರ ಕಥೆ ಹೇಳಿದರು. ಅವರ ಮಟ್ಟಿಗೆ ಮಾತು ತಪ್ಪಲ್ಲ. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಜೋಡಿಸಲು ಶುರುಮಾಡಿದ ವಿಲ್ಲಿಸ್ ಜೀಪುಗಳ ಮೂರು ಗೇರಿನ ಬಾಕ್ಸಿನಲ್ಲಿ ಮೊದಲ ಗೇರಿಗೆ ಸಿಂಕ್ರೊ ಇರಲಿಲ್ಲ. ಗಾಡಿ ಉರುಳುತ್ತಿರುವಾಗ ಒಂದಕ್ಕೆ ಹಾಕಬೇಕಾದರೆ ಎರಡು ಸಲ ಕ್ಲಚ್ ತುಳಿದು, ನಡುವೆ ಒಂಚೂರು ರೇಸ್ ಕೊಡಬೇಕಿತ್ತು. ಹಳೇ ಲಾರಿ ಡ್ರೈವರುಗಳಿಗೆ ಈ ಡಬಲ್ ಕ್ಲಚ್ ಉಸಿರಾಟದಷ್ಟೇ ಸಹಜ.

ಸಿಂಕ್ರೊ ಎಂದರೆ ಹಿತ್ತಾಳೆಯ ಒಂದು ಬಳೆ. ಗೇರು ಕಚ್ಚುವ ಮೊದಲು ಎರಡು ಚಕ್ರಗಳ ವೇಗವನ್ನು ಉಜ್ಜಿ ಉಜ್ಜಿ ಸಮ ಮಾಡುತ್ತದೆ. 1928ರಲ್ಲಿ ಕ್ಯಾಡಿಲಾಕ್ ಮೊದಲು ತಂದಿತು. ಜಿಪ್ಸಿಯಲ್ಲಿ ಮುಂದಿನ ಎಲ್ಲ ಗೇರುಗಳಿಗೂ ಇದೆ. ಆದ್ದರಿಂದ ಜಿಪ್ಸಿ ಕರಕರ ಎಂದರೆ ಅದು ವಯಸ್ಸಿನ ಗೊರಕೆಯಲ್ಲ, ಕ್ಲಚ್ಚೋ ಸಿಂಕ್ರೊ ಬಳೆಯೋ ದೂರು ಹೇಳುತ್ತಿದೆ. ರಿವರ್ಸ್‌ಗೆ ಮಾತ್ರ ವಿನಾಯಿತಿ. ಅದಕ್ಕೆ ಸಿಂಕ್ರೊ ಇಲ್ಲ. ಕ್ಲಚ್ ತುಳಿದು ಎರಡು ಮೂರು ಸೆಕೆಂಡ್ ಕಾದರೆ, ಅಥವಾ ಮೊದಲು ಎರಡನೇ ಗೇರಿಗೆ ಮುಟ್ಟಿಸಿ ಆಮೇಲೆ ಹಾಕಿದರೆ, ಸದ್ದಿಲ್ಲದೆ ಬೀಳುತ್ತದೆ.

“ಗ್ರೀಸ್ ತುಂಬಿದರೆ ಆಟ ಹೋಗುತ್ತದೆ”

ಎರಡು ದಿನ ಹೋಗುತ್ತದೆ. ಗ್ರೀಸು ಸಂದನ್ನು ತುಂಬುತ್ತದೆ, ಸವೆದದ್ದನ್ನು ಬೆಳೆಸುವುದಿಲ್ಲ. ಅದರ ಮೇಲೆ ಬೂಟು ಹರಿದಿದ್ದರೆ ಮಾವಿನ ತೋಟದ ಕೆಂಪು ಧೂಳೆಲ್ಲ ಅದಕ್ಕೆ ಅಂಟಿ, ಗ್ರೀಸೇ ಉಪ್ಪುಕಾಗದವಾಗುತ್ತದೆ. ನನ್ನ ಲಿವರಿನ ಬುಡದಿಂದ ಮೆಕ್ಯಾನಿಕ್ ಕೆರೆದು ತೆಗೆದದ್ದು ಕಪ್ಪಗಿತ್ತು, ಬೆರಳಲ್ಲಿ ಉಜ್ಜಿದರೆ ರವೆಯಂತೆ ಕೊರೆಯುತ್ತಿತ್ತು. ಅದನ್ನು ತುಂಬಿಸಿದ್ದು ನಾನೇ, ಹೋದ ವರ್ಷ. ಹೊಸ ಬುಷ್‌ಗೆ ತೆಳುವಾಗಿ ಸವರುವಷ್ಟು ಗ್ರೀಸ್ ಸಾಕು, ಆದರೆ ಅದರ ಮೇಲೆ ಹರಿಯದ ಬೂಟು ಬೇಕೇ ಬೇಕು.

ಇದಕ್ಕೆ ಹತ್ತಿರದ ಇನ್ನೊಂದು ನಂಬಿಕೆ, ದಪ್ಪ ಆಯಿಲ್ ಹಾಕಿದರೆ ಬಾಕ್ಸ್ ಬಿಗಿಯಾಗುತ್ತದೆ ಎನ್ನುವುದು. “90 ಬೇಡ, 140 ನಂಬರ್ ಹಾಕ್ಸಿ” ಎಂದು ಸಲಹೆ ಕೊಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಗೊರಗುಟ್ಟುವ ಬೇರಿಂಗಿನ ಸದ್ದು ಅದರಲ್ಲಿ ಅಡಗಬಹುದು, ಲಿವರಿನ ಆಟ ಕೂದಲೆಳೆಯಷ್ಟೂ ಕಡಿಮೆಯಾಗದು. ಬೆಳಗಿನ ಚಳಿಯಲ್ಲಿ ಗೇರು ಬೀಳುವುದು ಕಷ್ಟವಾಗುತ್ತದೆ, ಅಷ್ಟೇ ಲಾಭ. ಡಬ್ಬದ ಮೇಲೆ ಜಿಎಲ್-4 ಇದೆಯೋ ಜಿಎಲ್-5 ಇದೆಯೋ ಎನ್ನುವುದನ್ನೂ ನೋಡಿ. ಎರಡನೆಯದು ಡಿಫರೆನ್ಷಿಯಲ್‌ಗೆ ಒಳ್ಳೆಯದು. ಅದರಲ್ಲಿ ಗಂಧಕ-ರಂಜಕದ ಅಂಶ ಜಾಸ್ತಿ, ಕೆಲವು ಬಗೆಯದು ಹಿತ್ತಾಳೆಯ ಸಿಂಕ್ರೊಗೆ ಆಗಿಬರುವುದಿಲ್ಲ. ಮೇಲಾಗಿ ಸಿಂಕ್ರೊ ಕೆಲಸ ಮಾಡುವುದೇ ಉಜ್ಜುವಿಕೆಯಿಂದ. ಅತಿಯಾಗಿ ಜಾರುವ ಆಯಿಲ್ ಅದರ ಹಿಡಿತ ತಪ್ಪಿಸುತ್ತದೆ.

“ಪ್ಲಾಸ್ಟಿಕ್ ಯಾಕೆ, ಹಿತ್ತಾಳೆ ಬುಷ್ ಹಾಕಿಸಿದರೆ ಜನ್ಮಕ್ಕಾಯಿತು”

ಲೇತ್ ಅಂಗಡಿ ಹತ್ತಿರದಲ್ಲಿದ್ದರೆ ಈ ಆಸೆ ಹುಟ್ಟುವುದು ಸಹಜ. ನನಗೂ ಹುಟ್ಟಿತ್ತು. ಮೆಕ್ಯಾನಿಕ್ ಒಪ್ಪಲಿಲ್ಲ. “ಹಾಕ್ಬೋದು ಸಾರ್. ಆಮೇಲೆ ಬಾಕ್ಸಿಂದೆಲ್ಲ ಅಳು ಕೈಗೇ ಬರ್ತೈತೆ” ಅಂದ. ನೈಲಾನ್ ಇಟ್ಟಿರುವುದು ಬರೀ ಉಳಿತಾಯಕ್ಕಲ್ಲ. ಬಾಕ್ಸಿನ ನಡುಕ, ಕೊರೆತ ಲಿವರಿಗೆ ಏರದಂತೆ ಅದು ನುಂಗಿಕೊಳ್ಳುತ್ತದೆ. ಸವೆಯುವುದಾದರೆ ತಾನು ಸವೆಯುತ್ತದೆ, ಲಿವರಿನ ತುದಿಯನ್ನೂ ಅದು ಕೂರುವ ಗುಣಿಯನ್ನೂ ಉಳಿಸುತ್ತದೆ. ಹಿತ್ತಾಳೆ ಹಾಕಿದರೆ ನಾಳೆ ಸವೆಯುವುದು ಯಾವುದೆಂದು ಯಾರು ಹೇಳಬೇಕು? ನೀವು ರ‍್ಯಾಲಿಗೆ ಇಳಿಯುವವರಾದರೆ ಲೆಕ್ಕ ಬೇರೆ.

ಲಿವರ್ ಗಿಡ್ಡ ಮಾಡಿದರೆ ಬಿಗಿಯಾಗುತ್ತದೆ ಎನ್ನುವವರೂ ಇದ್ದಾರೆ. ಗಿಡ್ಡ ಲಿವರಿನಲ್ಲಿ ಕೈ ಓಡುವ ದೂರ ಕಡಿಮೆ, ನಿಜ. ಆದರೆ ಓಟ ಎಷ್ಟು ಪಾಲು ಇಳಿಯಿತೋ ಆಟವೂ ಅಷ್ಟೇ ಪಾಲು ಇಳಿಯಿತು. ಹತ್ತರಲ್ಲಿ ಎರಡು ಸಡಿಲವಿದ್ದದ್ದು ಐದರಲ್ಲಿ ಒಂದಾಯಿತು, ಅಷ್ಟೇ. ಗೇರುಗಳ ನಡುವಿನ ಜಾಗವೂ ಕಿರಿದಾಗಿ, ಕೈಗೆ ಭಾರ ಹೆಚ್ಚಾಗಿ, ಸವೆದ ಬುಷ್‌ನ ಮೇಲೆ ತಪ್ಪು ಗೇರು ಬೀಳುವುದು ಇನ್ನೂ ಸುಲಭ. ಮೊದಲು ಬುಷ್, ಆಮೇಲೆ ಶೋಕಿ.

ಲಿವರಿನ ಮೇಲೆ ಸದಾ ಕೈಯಿಟ್ಟರೆ ಬಾಕ್ಸ್ ಹಾಳಾಗುತ್ತದೆ ಎಂಬ ಮಾತು ಮಾತ್ರ ಪೂರ್ತಿ ಸುಳ್ಳಲ್ಲ. ಕೈಯ ಭಾರ ಬಾಕ್ಸಿನೊಳಗೆ ಗೇರು ಸರಿಸುವ ಫೋರ್ಕಿನ ಮೂಲಕ ತಿರುಗುವ ಸ್ಲೀವಿಗೆ ತಾಗಿದರೆ ಫೋರ್ಕು ನಿಧಾನವಾಗಿ ಸವೆಯುತ್ತದೆ. ಆದರೂ ನಾನು ಕೈ ತೆಗೆದದ್ದು ಆ ಭಯಕ್ಕಲ್ಲ. ಗೌನಿಪಲ್ಲಿ ಕಡೆಯ ತಿರುವುಗಳಲ್ಲಿ ಸುಗ್ಗಿ ಕಾಲಕ್ಕೆ ತೋತಾಪುರಿ ತುಂಬಿದ ಟೆಂಪೊಗಳು ರಸ್ತೆ ಪೂರ್ತಿ ತಮ್ಮದೇ ಎಂದು ಬರುತ್ತವೆ. ಎರಡೂ ಕೈ ಸ್ಟೇರಿಂಗಿನ ಮೇಲಿರುವುದು ವಾಸಿ.

ಹೊಸ ಬುಷ್, ಗುಂಡಿನ ಕೆಳಗಿನ ಪ್ಲಾಸ್ಟಿಕ್ ಸೀಟು, ಹೊಸ ಬೂಟು ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಅಷ್ಟರಲ್ಲಿ ಹಿರಿಯರು ಎರಡು ಸಲ ಟೀ ತರಿಸಿದ್ದರು. ಈಗ ಲಿವರ್ ನ್ಯೂಟ್ರಲ್‌ನಲ್ಲಿ ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆ, ಮೂರು ಎಂದರೆ ಮೂರೇ. ಆದರೆ ನಾಲ್ಕರಿಂದ ಮೂರಕ್ಕೆ ಅವಸರದಲ್ಲಿ ಇಳಿಸಿದರೆ ಇನ್ನೂ ಒಂದು ಸಣ್ಣ ಕರ್ ಸದ್ದಿದೆ. ಕೇಬಲ್ ಎಳೆದು ನೋಡಿಯಾಯಿತು, ಹೋಗಲಿಲ್ಲ. ಅದು ಸಿಂಕ್ರೊ. ಅದಕ್ಕೆ ಬಾಕ್ಸ್ ಇಳಿಸಲೇಬೇಕು. ಮಾವಿನ ಕಾಲ ಮುಗಿದ ಮೇಲೆ ತನ್ನಿ, ಅಲ್ಲಿಗಂಟ ಮೂರಕ್ಕೆ ಹಾಕುವಾಗ ಡಬಲ್ ಕ್ಲಚ್ ಮಾಡಿ ಎಂದಿದ್ದಾನೆ ಮೆಕ್ಯಾನಿಕ್. ಹೇಗೆಂದು ಕಲ್ಲಿನ ಮೇಲಿದ್ದವರು ಕೂತಲ್ಲೇ ಕಾಲಾಡಿಸಿ ತೋರಿಸಿಕೊಟ್ಟರು.